ಅಜ್ಜಿ ಮನೆ ಪಾಲಾದ ಮೇಲೆ ಮೊಮ್ಮಕ್ಕಳು ಸೇರುವುದೆಲ್ಲಿ?

ಓದುಗರ ಪ್ರಶ್ನೆ

"ನನಗೆ 41 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅಮ್ಮನ ತವರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಇಬ್ಬರು ಸೋದರಮಾವಂದಿರು, ಅಮ್ಮ, ಚಿಕ್ಕಮ್ಮ. ಮೊಮ್ಮಕ್ಕಳು ನಾವು ಹನ್ನೊಂದು ಜನ. ಬೇಸಿಗೆ ರಜೆ ಪೂರ್ತಿ ಅಜ್ಜಿ ಮನೆಯಲ್ಲೇ. ತೋಟ, ಹಲಸಿನ ಹಣ್ಣು, ಅಟ್ಟದ ಮೇಲಿನ ಕಾಯಿ ರಾಶಿ, ರಾತ್ರಿ ಅಂಗಳದಲ್ಲಿ ಸಾಲಾಗಿ ಹಾಸಿದ ಚಾಪೆ. ನನ್ನ ಬಾಲ್ಯ ಅಂದರೆ ಇಷ್ಟೇ. ನಾಲ್ಕು ವರ್ಷದ ಹಿಂದೆ ಅಜ್ಜಿ ತೀರಿಕೊಂಡರು. ತಿಥಿಯ ದಿನವೇ ದೊಡ್ಡ ಮಾವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರು. ಅಮ್ಮ ಹಾಕಿದರು, ಚಿಕ್ಕಮ್ಮ ಹಾಕಲಿಲ್ಲ. ಈಗ ಕೇಸು ನಡೆಯುತ್ತಿದೆ. ಮನೆ ಕೆಡವಿ ಹೊಸದು ಕಟ್ಟುವ ಮಾತೂ ಇದೆ. ಕಸಿನ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೆ ಮಾತಿಲ್ಲ. ಕಳೆದ ವರ್ಷ ನಾನೇ ಮುಂದೆ ನಿಂತು ಒಂದು ರೆಸಾರ್ಟಿನಲ್ಲಿ ಎಲ್ಲರನ್ನೂ ಕರೆದೆ. ಅರ್ಧ ಜನ ಬಂದರು. ಪರದೆ ಮೇಲೆ ಹಳೆ ಫೋಟೋ ಹಾಕಿದೆ. ಚಿಕ್ಕ ಮಾವನ ಹೆಂಡತಿ, ನಮ್ಮ ಚಿಕ್ಕತ್ತೆ, ಮಧ್ಯದಲ್ಲೇ ಎದ್ದು ಹೋದರು. ನನ್ನ 12 ವರ್ಷದ ಮಗಳು ‘ಇವರೆಲ್ಲ ಯಾರಮ್ಮ, ಬೋರಾಗ್ತಿದೆ’ ಅಂದಳು. ಅವತ್ತು ರಾತ್ರಿ ಅತ್ತುಬಿಟ್ಟೆ. ನಾನು ಸುಮ್ನೆ ಹಳೆಯದಕ್ಕೆ ಜೋತುಬಿದ್ದಿದ್ದೇನಾ? ಬಿಟ್ಟುಬಿಡಲಾ?"

ಉತ್ತರ

ಬಿಡಬೇಕಿಲ್ಲ. ಆದರೆ ಕಳೆದ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡಬೇಡಿ.

ನಿಮ್ಮ ಪತ್ರದಲ್ಲಿ ಮೂರು ಸಂಕಟಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಅಜ್ಜಿ ಹೋದ, ಮನೆಯೂ ಹೋಗಲಿರುವ ದುಃಖ ಒಂದು. ದೊಡ್ಡವರ ಜಗಳ ನಿಮ್ಮ ಪೀಳಿಗೆಗೂ ಇಳಿಯುತ್ತಿದೆ ಅನ್ನುವ ಭಯ ಇನ್ನೊಂದು. ಮಗಳಿಗೆ ಇದ್ಯಾವುದೂ ಬೇಕಿಲ್ಲವಲ್ಲ ಅನ್ನುವ ಬೇಸರ ಮೂರನೆಯದು. ಈ ಮೂರನ್ನೂ ನೀವು ಒಂದೇ ದಿನದ ರೆಸಾರ್ಟ್ ಕೂಟದ ತಲೆ ಮೇಲೆ ಹೊರಿಸಿದಿರಿ. ಅಷ್ಟು ಭಾರ ಯಾವ ಕೂಟವೂ ತಾಳುವುದಿಲ್ಲ.

ಮೊದಲು ‘ಆಗ ಪ್ರೀತಿ ಇತ್ತು, ಈಗ ಇಲ್ಲ’ ಅನ್ನುವ ಮಾತನ್ನು ನೋಡೋಣ. ಸಮಾಲೋಚನೆಗೆ ಬರುವ ಹೆಚ್ಚಿನವರು ಶುರು ಮಾಡುವುದೇ ಇದರಿಂದ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಕೂಡುಕುಟುಂಬ ಅಂದರೆ ಏನೆಂದು ವಿವರಿಸಿದ್ದರು. ಒಂದೇ ಸೂರಿನಡಿ ಇರುವವರು, ಒಂದೇ ಒಲೆಯ ಅಡುಗೆ ಉಣ್ಣುವವರು, ಆಸ್ತಿ ಒಟ್ಟಿಗೆ ಇಟ್ಟುಕೊಂಡವರು, ಪೂಜೆಯಲ್ಲಿ ಒಟ್ಟಿಗೆ ಪಾಲ್ಗೊಳ್ಳುವವರು. ಈ ಪಟ್ಟಿಯಲ್ಲಿ ಪ್ರೀತಿ ಎಲ್ಲಿದೆ? ಇಲ್ಲ. ಇದ್ದದ್ದು ಸೂರು, ಒಲೆ, ಆಸ್ತಿ, ದೇವರು. ಒಟ್ಟಿಗಿರದೆ ಬೇರೆ ದಾರಿ ಇರಲಿಲ್ಲ, ಇದ್ದರು. ಇದ್ದು ಇದ್ದು ಸಲಿಗೆ ಬೆಳೆಯಿತು. ಜಗಳವೂ ಆಗ ಇತ್ತು, ಈಗಿನಷ್ಟೇ ಇತ್ತು. ಮಕ್ಕಳಾದ ನಿಮ್ಮ ಕಿವಿಗೆ ಬೀಳುತ್ತಿರಲಿಲ್ಲ ಅಷ್ಟೇ.

ನಿಮ್ಮ ಹನ್ನೊಂದು ಜನರ ವಿಷಯಕ್ಕೆ ಬಂದರೆ, ನೀವು ಕೂಡುಕುಟುಂಬದವರೂ ಅಲ್ಲ. ಅರ್ಧ ಜನ ರಜೆಗೆ ಬಂದುಹೋಗುವ ಹೆಣ್ಣುಮಕ್ಕಳ ಮಕ್ಕಳು. ಹಾಗಿದ್ದೂ ಇಷ್ಟು ಹತ್ತಿರವಾದದ್ದು ಹೇಗೆ? ಸುಮ್ನೆ ಲೆಕ್ಕ ಹಾಕಿ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯದವರು ಒಂದು ಮಟ್ಟದ ಸ್ನೇಹಿತರಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗೂ ಮಿಗಿಲು ಅನ್ನುವುದು ಅದರ ಅಂದಾಜು. ಅದು ಸ್ನೇಹಿತರ ಲೆಕ್ಕ, ನೆಂಟರಿಗೆ ಹಾಗೇ ಹೊಂದುವುದಿಲ್ಲ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಒಂದು ಬೇಸಿಗೆ ರಜೆಯಲ್ಲೇ ನೀವು ನಾಲ್ಕುನೂರು ಗಂಟೆ ಒಟ್ಟಿಗಿರುತ್ತಿದ್ದಿರಿ. ರೆಸಾರ್ಟಿನಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಎಂಟು. ಅದರಲ್ಲಿ ಒಂದು ಗಂಟೆ ಬಫೆ ಸಾಲಿನಲ್ಲಿ ಹೋಯಿತು.

ಗಂಟೆಯೊಂದೇ ಅಲ್ಲ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಅನ್ನುವುದೂ ಮುಖ್ಯ. ನಿಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅಂದಾಗ ಕೆಳಗಿಳಿಸಿ ಸುಲಿಯುತ್ತಾರೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳುವ ಕೆಲಸ ಮಕ್ಕಳದ್ದು. ನೀವೂ ಮಾಡಿರುತ್ತೀರಿ. ಯಾರೂ ‘ಬನ್ನಿ ಮಕ್ಕಳೇ, ಸಂಬಂಧ ಬೆಳೆಸೋಣ’ ಅಂತ ಕರೆಯಲಿಲ್ಲ. ಕೆಲಸ ಇತ್ತು, ಕೈ ಬೇಕಿತ್ತು, ಕರೆದರು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನೆನಪು ಮಾಡಿಕೊಳ್ಳುವುದಕ್ಕೆ ಅಂತ ಜನರನ್ನು ಸೇರಿಸಬೇಡಿ. ಏನಾದರೂ ಮಾಡುವುದಕ್ಕೆ ಸೇರಿಸಿ. ಕೈಗೆ ಕೆಲಸ ಸಿಕ್ಕರೆ ಹಳೆ ಮಾತು ತಾನಾಗಿ ಬರುತ್ತದೆ. ಪರದೆ ಹಾಕಿ, ಕುರ್ಚಿ ಜೋಡಿಸಿ, ‘ಈಗ ಹಳೆಯದನ್ನು ನೆನೆಯೋಣ’ ಅಂದರೆ ಬಾಯಿ ಕಟ್ಟುತ್ತದೆ.

ಇನ್ನು ಚಿಕ್ಕತ್ತೆ ಎದ್ದುಹೋದದ್ದು. ನೀವು ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಸಾಲು.

ನಿಮಗೆ ಅದು ಅಜ್ಜಿ ಮನೆ. ಅವರಿಗೆ ಅತ್ತೆ ಮನೆ. ನೀವು ಹನ್ನೊಂದು ಮಕ್ಕಳು ತಿಂಗಳುಗಟ್ಟಲೆ ಬಂದು ಕೂತಾಗ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದವರು ಯಾರು? ಎರಡು ಹೊತ್ತು ಮುದ್ದೆ ತೊಳಸಿದವರು, ಅಷ್ಟೂ ಜನರ ಬಟ್ಟೆ ಒಗೆದವರು ಯಾರು? ಅವರ ತವರಿನ ಬೇಸಿಗೆ ಏನಾಯಿತು? ನಿಮ್ಮ ರಜೆ ನಡೆದದ್ದು ಅವರಿಗೆ ರಜೆ ಇಲ್ಲದ್ದರಿಂದ. ಇಂಥದ್ದೇ ಒಂದು ಕುಟುಂಬ ನನ್ನ ಎದುರು ಕೂತಿದ್ದಾಗ ಮೊಮ್ಮಕ್ಕಳೆಲ್ಲ ಹಲಸಿನ ಹಣ್ಣಿನ ಸುದ್ದಿ ಹೇಳಿಕೊಂಡು ನಗುತ್ತಿದ್ದರು. ಅಲ್ಲಿಯವರೆಗೆ ಸುಮ್ಮನಿದ್ದ ಸೊಸೆ, ಅರವತ್ತು ದಾಟಿದ ಹೆಂಗಸು, "ನಿಮಗೆ ತೊಳೆ ನೆನಪಿದೆ, ನನಗೆ ಮೇಣ ನೆನಪಿದೆ" ಅಂದುಬಿಟ್ಟರು. ಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಬಿಡದ ಮೇಣ, ಈಳಿಗೆ ಮಣೆಗೆ, ಬೆರಳ ಸಂದಿಗೆ, ಸೀರೆ ಸೆರಗಿಗೆ. ಮೊಮ್ಮಕ್ಕಳು ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಆದರೆ ಆ ಕುಟುಂಬದಲ್ಲಿ ನಿಜವಾದ ಮಾತುಕತೆ ಶುರುವಾದದ್ದು ಆ ದಿನವೇ.

ನಿಮ್ಮ ಹಳೆ ಫೋಟೋಗಳನ್ನು ಇನ್ನೊಮ್ಮೆ ತೆಗೆದು ನೋಡಿ. ಚಿಕ್ಕತ್ತೆ ಎಷ್ಟರಲ್ಲಿದ್ದಾರೆ? ಇದ್ದರೂ ಬಾಗಿಲ ಸಂದಿಯಲ್ಲಿ, ಅರ್ಧ ಮುಖ, ಕೈಯಲ್ಲಿ ಸೌಟು. ಅದನ್ನು ಪರದೆ ತುಂಬ ಹಾಕಿ ‘ಎಂಥ ಚೆಂದದ ದಿನಗಳು’ ಅಂದರೆ ಅವರಿಗೆ ಹೇಗಾಗಬೇಡ? ಅವರು ಎದ್ದುಹೋದದ್ದಕ್ಕೆ ಕಾರಣ ಇದೇ ಅಂತ ನಾನು ಇಲ್ಲಿ ಕೂತು ಖಚಿತವಾಗಿ ಹೇಳಲಾರೆ. ನೀವೇ ಹೋಗಿ ಕೇಳಬೇಕು. ಫೋನಿನಲ್ಲಿ ಬೇಡ, ಒಬ್ಬರೇ ಹೋಗಿ. ಕ್ಷಮೆ, ಕಣ್ಣೀರು ಅಂತ ನಾಟಕ ಬೇಡ. "ಅತ್ತೆ, ನಾವು ಬಂದಾಗ ನಿಮಗೆ ದಿನ ಹೇಗಿರ್ತಿತ್ತು?" ಅಂದರೆ ಸಾಕು. ಬೈದರೆ ಬೈಸಿಕೊಳ್ಳಿ. ‘ಅಜ್ಜಿ ಹಾಗಿರಲಿಲ್ಲ’ ಅಂತ ವಕಾಲತ್ತು ವಹಿಸಬೇಡಿ. ನಿಮ್ಮ ಅಜ್ಜಿ ನಿಮಗೆ ಹಾಗಿರಲಿಲ್ಲ, ಅಷ್ಟೇ. ಒಂದೇ ಮನೆಯ ಎರಡು ನೆನಪು ಒಂದಕ್ಕೊಂದು ತಾಳೆಯಾಗಬೇಕು ಅಂತೇನಿಲ್ಲ, ಎರಡೂ ನಿಜ ಇರಬಹುದು.

ಇನ್ನೊಂದು ವಿಷಯ. ಇಂಥ ಪ್ರಶ್ನೆ ಬರೆಯುವವರು ಯಾವಾಗಲೂ ಹೆಂಗಸರೇ ಯಾಕೆ? ಕೆನಡಾದ ಕ್ಯಾರೊಲಿನ್ ರೊಸೆಂಥಾಲ್ ಎಂಬ ಸಮಾಜಶಾಸ್ತ್ರಜ್ಞೆ 1985ರಲ್ಲಿ ಇದನ್ನೇ ಬರೆದರು. ಬಹಳಷ್ಟು ಕುಟುಂಬಗಳಲ್ಲಿ ಎಲ್ಲರ ಸುದ್ದಿ ಎಲ್ಲರಿಗೂ ಮುಟ್ಟಿಸುವ, ಹಬ್ಬಕ್ಕೆ ಕರೆಯುವ, ಮುನಿದವರನ್ನು ಮಾತಾಡಿಸುವ ಒಬ್ಬರು ಇರುತ್ತಾರೆ, ಅವರು ಹೆಚ್ಚಾಗಿ ಹೆಂಗಸರು, ಅವರು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದೂ ಉಂಟು ಅಂತ. ನಿಮ್ಮಲ್ಲಿ ಆ ಕೆಲಸ ಅಜ್ಜಿಯದ್ದು. ಅದು ಕೆಲಸ ಅಂತ ಯಾರಿಗೂ ಅನ್ನಿಸಿರಲಿಲ್ಲ, ಅವರು ಹೋದ ಮೇಲೆ ಗೊತ್ತಾಯಿತು. ಈಗ ನೀವು ಹೇಳದೆ ಕೇಳದೆ ಆ ಜಾಗದಲ್ಲಿ ಕೂತಿದ್ದೀರಿ. ನೌಕರಿ, ಮನೆ, ಮಗಳ ಓದಿನ ಜೊತೆಗೆ ಇದೂ ಒಂದು. ಒಬ್ಬರೇ ಹೊತ್ತರೆ ಎರಡು ವರ್ಷದಲ್ಲಿ ಸುಸ್ತಾಗಿ ‘ಯಾರಿಗೂ ಬೇಕಿಲ್ಲ’ ಅಂತ ಕೈಬಿಡುತ್ತೀರಿ. ಹಂಚಿ. ಗಂಡು ಕಸಿನ್‌ಗಳಿಗೂ ಹಂಚಿ, ‘ಸಹಾಯ ಮಾಡೋ’ ಅನ್ನಬೇಡಿ, ಇಡೀ ಜವಾಬ್ದಾರಿಯನ್ನೇ ಕೊಡಿ. ಊಟ ಒಬ್ಬನದು, ಹಣದ ಲೆಕ್ಕ ಇನ್ನೊಬ್ಬನದು, ಊರಿಗೆ ಹೋಗಿಬರುವ ಗಾಡಿ ಮತ್ತೊಬ್ಬನದು. ಕೆಟ್ಟದಾಗಿ ಮಾಡಿದರೂ ಕಸಿದುಕೊಳ್ಳಬೇಡಿ.

ಈಗ ಕೇಸು. ನಾನು ವಕೀಲೆಯಲ್ಲ, ಆದರೆ ಇದನ್ನು ಮುಟ್ಟದೆ ಮುಂದೆ ಹೋದರೆ ಉತ್ತರ ಪೊಳ್ಳಾಗುತ್ತದೆ. ‘ಹೆಣ್ಣುಮಕ್ಕಳು ಪಾಲು ಕೇಳಿದ್ದಕ್ಕೆ ಮನೆ ಒಡೆಯಿತು’ ಅಂತ ಹೇಳುವುದು ರೂಢಿ. ನಿಮ್ಮ ಕುಟುಂಬದಲ್ಲೂ ಯಾರಾದರೂ ಹೇಳಿರುತ್ತಾರೆ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಬೇಕು ಎಂದೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ನೋಂದಣಿಯಾದ ವಿಭಾಗಗಳನ್ನು ಕಾಯಿದೆ ಮುಟ್ಟುವುದಿಲ್ಲ. ಅಂದರೆ ನಿಮ್ಮ ಚಿಕ್ಕಮ್ಮ ಹೊಸದೇನನ್ನೂ ಕೇಳುತ್ತಿಲ್ಲ. ಕುಟುಂಬ ಒಡೆದದ್ದು ಅವರು ಕೇಳಿದ್ದಕ್ಕಲ್ಲ, ಸಾವಿನ ಮನೆಯಲ್ಲಿ ಎಲೆ ಎತ್ತುವ ಮೊದಲೇ ಪತ್ರ ಮುಂದಿಟ್ಟದ್ದಕ್ಕೆ. ನಾನು ನೋಡಿದ ಕುಟುಂಬಗಳಲ್ಲಿ ಆಸ್ತಿಯ ಮೊತ್ತಕ್ಕಿಂತ ‘ಆ ದಿನ ಕೇಳಿದರಲ್ಲ’ ಅನ್ನುವುದೇ ಹೆಚ್ಚು ಕಾಲ ಉರಿಯುತ್ತದೆ. ಅಮ್ಮ ಹಾಕಿದ ಸಹಿಯ ವಿಷಯಕ್ಕೆ ಒಬ್ಬ ವಕೀಲರನ್ನು ಬೇಗ ಕಾಣಿ, ಇಂಥದ್ದಕ್ಕೆ ಕಾಲಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ. ಕೇಸು ನಡೆಯುವಾಗಲೂ ಎರಡೂ ಕಡೆಯವರು ಒಪ್ಪಿದರೆ ನ್ಯಾಯಾಲಯ ಅದನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಬೆಂಗಳೂರಿನಲ್ಲಿ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ, ಜಿಲ್ಲೆಗಳಲ್ಲೂ ಕೇಂದ್ರಗಳಿವೆ.

ಕಸಿನ್‌ಗಳ ನಡುವೆ ಮಾತ್ರ ಒಂದು ಗೆರೆ ಎಳೆಯಿರಿ. ಸೇರಿದ ದಿನ ಕೇಸಿನ ಮಾತಿಲ್ಲ, ಪತ್ರವಿಲ್ಲ, ಸಹಿಯಿಲ್ಲ, ‘ಸ್ವಲ್ಪ ನಿಮ್ಮಮ್ಮನಿಗೆ ಹೇಳು’ ಅನ್ನುವ ಸಂಧಾನವೂ ಇಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು, ಎಲ್ಲರಿಗೂ ಅರ್ಥವಾಗಿರುತ್ತದೆ ಅಂದುಕೊಳ್ಳಬೇಡಿ. ಇದರಲ್ಲೂ ಅಪಾಯವಿದೆ. ಅನ್ಯಾಯವಾಗಿದೆ ಅಂದುಕೊಂಡವರಿಗೆ ‘ಆ ಮಾತು ಬೇಡ’ ಅಂದರೆ ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಚಿಕ್ಕಮ್ಮನ ಮಕ್ಕಳನ್ನು ಮೊದಲು ಕೇಳಿ. ಅವರು ಒಪ್ಪದೆ ಈ ನಿಯಮ ಮಾಡಬೇಡಿ.

ಮನೆ ಉಳಿಸಿಕೊಳ್ಳುವ ಆಸೆಯೂ ನಿಮಗಿದೆ ಅಂತ ಪತ್ರದ ಧಾಟಿಯೇ ಹೇಳುತ್ತಿದೆ. ಕಸಿನ್‌ಗಳೆಲ್ಲ ಸೇರಿ ಕೊಂಡುಕೊಳ್ಳೋಣ ಅನ್ನುವ ಯೋಚನೆ ಎಲ್ಲರಿಗೂ ಒಮ್ಮೆ ಬರುತ್ತದೆ. ಕರಾವಳಿಯಲ್ಲಿ ಕುಟುಂಬದ ಮನೆ, ಕೊಡಗಿನಲ್ಲಿ ಐನ್‌ಮನೆ ಅನ್ನುವ ಮನೆತನದ ಮೂಲಮನೆ ಇವತ್ತಿಗೂ ಉಳಿದಿವೆ ನಿಜ. ಆದರೆ ಅಲ್ಲಿ ದೈವಕ್ಕೆ ತಂಬಿಲ ಅನ್ನುವ ಪೂಜೆ, ಹಿರಿಯರಿಗೆ ಎಡೆ ಅಂತ ಮನೆಗೆ ಬರಲೇಬೇಕಾದ ಕಾರಣ ಇದೆ, ನೋಡಿಕೊಳ್ಳುವವರು ಇದ್ದಾರೆ, ಯಾರು ಎಷ್ಟು ಕೊಡಬೇಕು ಅನ್ನುವ ಕಟ್ಟಳೆ ಇದೆ. ಬರೀ ನೆನಪಿಗಾಗಿ ಕೊಂಡ ಮನೆಗೆ ಬೀಗ ಬೀಳುತ್ತದೆ. ಬೀಗ ಹಾಕಿದ ಮಣ್ಣಿನ ಗೋಡೆಯ ಮನೆ ನಾಲ್ಕು ಮಳೆಗಾಲ ತಡೆಯುವುದಿಲ್ಲ. ಗೆದ್ದಲು, ಸೋರುವ ಹೆಂಚು. ಆಮೇಲೆ ರಿಪೇರಿ ಖರ್ಚಿಗೆ ಹೊಸ ಜಗಳ. ದೊಡ್ಡ ಮಾವ ಕೆಡವುವುದು ಖಾತ್ರಿಯಾದರೆ ಮನೆಯ ಬದಲು ಒಳಕಲ್ಲು, ಕೊಬ್ಬರಿ ಸುಲಿಯುವ ಗೂಟ, ಒಂದು ಕಂಬ, ಹೀಗೆ ಏನಾದರೂ ಕೇಳಿ. ಮನೆಯ ನಕ್ಷೆ ಬರೆಸಿ. ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಬಾಣಂತಿ ಕೋಣೆ ಯಾವುದು, ಕಾಳು ತುಂಬುವ ಪಣತ ಎಲ್ಲಿತ್ತು, ಎಲ್ಲ ಗುರುತು ಮಾಡಿ. ದೊಡ್ಡ ಮಾವನಿಗೂ ಅದು ಹುಟ್ಟಿದ ಮನೆ ಅನ್ನುವುದನ್ನು ಮರೆಯಬೇಡಿ. ನಕ್ಷೆ ಬರೆಯುವ ನೆಪದಲ್ಲಿ ಅವರ ಹತ್ತಿರ ಹೋಗಬಹುದು, ಕೇಸಿನ ನೆಪದಲ್ಲಿ ಆಗುವುದಿಲ್ಲ.

ಹಾಗಾದರೆ ಸೇರುವುದು ಯಾವುದಕ್ಕೆ? ಕೆಲಸವೇ ಕಟ್ಟಿಹಾಕುತ್ತದೆ ಅನ್ನುವುದಕ್ಕೆ ಕೊಡಗಿನ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗಿಂತ ಒಳ್ಳೆ ಸಾಕ್ಷಿ ನಮ್ಮ ರಾಜ್ಯದಲ್ಲಿ ಬೇರೆ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅದನ್ನು ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಪ್ರತಿ ವರ್ಷ ಒಂದೊಂದು ಮನೆತನ ಆತಿಥ್ಯ ವಹಿಸುತ್ತದೆ. ಒಂದೇ ತಂಡದಲ್ಲಿ ತಾತ, ಮೊಮ್ಮಗಳು, ಚಿಕ್ಕಪ್ಪ. ತಂಡ ಕಟ್ಟಬೇಕಾದರೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಲೇಬೇಕಲ್ಲ. ಅಲ್ಲಿಗೆ ಯಾರೂ ‘ಬಾಂಧವ್ಯ’ಕ್ಕೆ ಅಂತ ಹೋಗುವುದಿಲ್ಲ, ಗೆಲ್ಲುವುದಕ್ಕೆ ಹೋಗುತ್ತಾರೆ.

ನಿಮಗೆ ಹಾಕಿ ಬೇಕಿಲ್ಲ. ನಿಮ್ಮ ಸೀಮೆಯಲ್ಲೇ ಎರಡು ಒಳ್ಳೆ ಅವಕಾಶಗಳಿವೆ.

ಒಂದು, ಅವರೆಕಾಯಿ ಕಾಲ. ಡಿಸೆಂಬರ್-ಜನವರಿಯ ಸೊಗಡಿನ ಅವರೆ. ಹತ್ತು ಕೆಜಿ ಕಾಯಿ ತನ್ನಿ. ಶನಿವಾರ ಸಂಜೆ ಯಾರದಾದರೂ ಒಬ್ಬರ ಮನೆಯಲ್ಲಿ ಸುಲಿದು ನೆನೆಹಾಕುವುದು, ಭಾನುವಾರ ಬೆಳಿಗ್ಗೆ ಹಿತಕುವುದು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ. ಖರ್ಚು ಒಬ್ಬರಿಗೆ ನೂರಿನ್ನೂರು ರೂಪಾಯಿ ಅಷ್ಟೇ, ಹಾಗಾಗಿ ಕೈ ಬಿಗಿ ಇರುವ ಕಸಿನ್‌ಗೂ ಬರಲು ಸಂಕೋಚವಿಲ್ಲ. ರೆಸಾರ್ಟಿಗೆ ಬಾರದ ಅರ್ಧ ಜನರಲ್ಲಿ ಎಷ್ಟು ಮಂದಿಗೆ ದುಡ್ಡೇ ಕಾರಣವಾಗಿತ್ತೋ, ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ, ಎದುರಿಗಿದ್ದವರ ಕಣ್ಣಿಗೆ ಬೀಳುತ್ತದೆ, ಮಕ್ಕಳು ಬೇಕಂತಲೇ ಗುರಿಯಿಟ್ಟು ಹಾರಿಸುತ್ತಾರೆ. ಎಲ್ಲರ ಕಣ್ಣು ಬಟ್ಟಲ ಕಡೆ ಇರುತ್ತದೆ, ಮುಖ ನೋಡಿ ಮಾತಾಡಬೇಕಿಲ್ಲ. ಮುನಿಸಿಕೊಂಡವರಿಗೆ ಅದೇ ಅನುಕೂಲ. ಷರತ್ತು ಒಂದೇ. ಗಂಡಸರು ಹಾಲ್‌ನಲ್ಲಿ ಕ್ರಿಕೆಟ್ ನೋಡುತ್ತಾ, ಹೆಂಗಸರು ಅಡುಗೆಮನೆಯಲ್ಲಿ ಹಿತಕುತ್ತಾ ಕೂತರೆ ಇದು ಹಳೆಯ ಅಜ್ಜಿ ಮನೆಯೇ ಆಯಿತು. ಚಿಕ್ಕತ್ತೆ ಎರಡನೇ ಸಲ ಬರುವುದಿಲ್ಲ.

ಎರಡು, ಹಿರಿಯರ ಹಬ್ಬ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ರೂಢಿ ನಿಮ್ಮಲ್ಲಿ ಇದ್ದರೆ ನೆನಪಿಗೆ ಅದಕ್ಕಿಂತ ಒಳ್ಳೆ ಸಂದರ್ಭ ಇಲ್ಲ. ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ಅಂದರೆ ಏನು ಇಷ್ಟ ಇತ್ತು ಅಂತ ಯಾರಾದರೂ ಹೇಳಲೇಬೇಕು. ಅಜ್ಜಿಗೆ ಹುರಿಗಾಳು ಇಷ್ಟವೋ, ಕಜ್ಜಾಯವೋ? ತಾತನಿಗೆ ಬೀಡಿ ಕಟ್ಟು ಇಡಬೇಕಾ? ‘ಕೊನೆಗಾಲದಲ್ಲಿ ಬಿಟ್ಟಿದ್ದರು ಕಣೇ’ ಅಂತ ಒಬ್ಬರು, ‘ಎಲ್ಲಿ ಬಿಟ್ಟರು, ಕೊಟ್ಟಿಗೆ ಹಿಂದೆ ಸೇದುತ್ತಿದ್ದರು’ ಅಂತ ಇನ್ನೊಬ್ಬರು. ನಿಮ್ಮ ಮಗಳಂಥವರಿಗೆ ಮುತ್ತಾತ ಮೊದಲ ಸಲ ಮನುಷ್ಯನಾಗಿ ಕಾಣುವುದು ಇಂಥ ಮಾತಿನಲ್ಲೇ. ತೊಂದರೆ ಎಂದರೆ ಎಡೆ ಇಡುವುದು ಗಂಡುಮಕ್ಕಳ ಮನೆಯಲ್ಲಿ. ಹಾಗಾಗಿ ಕರೆ ಮಾವಂದಿರ ಕಡೆಯಿಂದಲೇ ಬರಬೇಕು, ಈ ವರ್ಷ ಬಾರದೆ ಇರಬಹುದು. ಬಲವಂತ ಮಾಡಬೇಡಿ. ಅವರೆಕಾಯಿಯಿಂದ ಶುರು ಮಾಡಿ.

ಎಲ್ಲ ಹನ್ನೊಂದು ಜನ ಬರಲೇಬೇಕು ಅಂತ ಹಟ ಹಿಡಿಯಬೇಡಿ. ನಾಲ್ಕು ಜನ ಬಂದರೆ ಅದು ನಾಲ್ಕು ಜನರ ಕೂಟ, ಏಳು ಜನ ತಪ್ಪಿಸಿದ ಕೂಟವಲ್ಲ. ಬಂದವರೆದುರು ಬಾರದವರ ಲೆಕ್ಕ ಹಾಕಿದರೆ ಬಂದವರೂ ಮುಂದಿನ ಸಲ ಬರುವುದಿಲ್ಲ. ಅಮೆರಿಕದಲ್ಲಿರುವವರಿಗೆ ಎಲ್ಲರನ್ನೂ ತುಂಬಿದ ವಿಡಿಯೊ ಕಾಲ್ ಮಾಡಿ ‘ಹಾಯ್ ಹಾಯ್’ ಅಂತ ಕೈ ಬೀಸುವುದರಿಂದ ಪ್ರಯೋಜನ ಕಡಿಮೆ. ಎರಡೇ ಮನೆ ಮಾತಾಡಲಿ. ಇಲ್ಲಿ ಭಾನುವಾರ ರಾತ್ರಿ ಎಂಟೂವರೆ ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದು, ಚಳಿಗಾಲದಲ್ಲಿ ಹತ್ತು. ಅಲ್ಲಿ ತಿಂಡಿ ಮಾಡುತ್ತಾ, ಇಲ್ಲಿ ಊಟಕ್ಕೆ ಬಡಿಸುತ್ತಾ ಮಾತಾಡಬಹುದು.

ಮಗಳ ವಿಷಯ. ಅವಳು ಹೇಳಿದ್ದು ಸರಿ, ಬೋರೇ ಆಗಿರುತ್ತದೆ. ನಿಮ್ಮ ನೆನಪು ನಿಮ್ಮದು, ಅದನ್ನು ಅವಳು ಆಸ್ತಿಯ ಹಾಗೆ ಪಡೆದುಕೊಳ್ಳಲಾರಳು. ಅವಳಿಗೆ ಅವಳದೇ ಬೇಕು. ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ 20 ಪ್ರಶ್ನೆ ಕೇಳುತ್ತಿದ್ದರು. ನಿನ್ನ ಅಪ್ಪ-ಅಮ್ಮ ಹೇಗೆ ಭೇಟಿಯಾದರು, ಅಜ್ಜ-ಅಜ್ಜಿ ಎಲ್ಲಿ ಬೆಳೆದರು, ಮನೆಯವರಿಗೆ ಬಂದ ಕಷ್ಟ ಯಾವುದು, ಇಂಥವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು ಕಂಡುಬಂತು. ಇದನ್ನು ಕೇಳಿ ಕೆಲವು ತಾಯಂದಿರು ಮಕ್ಕಳಿಗೆ ವಂಶಾವಳಿ ಬಾಯಿಪಾಠ ಮಾಡಿಸಲು ಹೊರಟಿದ್ದನ್ನು ನೋಡಿದ್ದೇನೆ! ಅದರಿಂದ ಏನೂ ಆಗುವುದಿಲ್ಲ. ಉತ್ತರ ಗೊತ್ತಿದೆ ಅಂದರೆ ಆ ಮನೆಯಲ್ಲಿ ಊಟದ ಹೊತ್ತಿಗೆ ಮಾತು ನಡೆಯುತ್ತದೆ ಅಂತ ಅರ್ಥ, ಕೆಲಸ ಮಾಡುವುದು ಆ ಮಾತುಕತೆ. ಗೆದ್ದ ಕತೆಗಳ ಜೊತೆ ಸೋತ ಕತೆಯನ್ನೂ ಹೇಳಿ. ಬೋರ್‌ವೆಲ್ ಕೈಕೊಟ್ಟದ್ದು, ತೋಟ ಒಣಗಿದ್ದು, ಮಾವ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದು. ಮಕ್ಕಳು ಕಿವಿಗೊಡುವುದು ಅಂಥದ್ದಕ್ಕೇ.

ಅವಳ ವಯಸ್ಸಿನ ಕಸಿನ್ ಮಗು ಯಾರಾದರೂ ಇದ್ದರೆ ರಜೆಯಲ್ಲಿ ಒಂದು ವಾರ ಅವರ ಮನೆಗೆ ಕಳಿಸಿ, ಇನ್ನೊಂದು ವಾರ ಆ ಮಗುವನ್ನು ಇಲ್ಲಿಗೆ ಕರೆಸಿ. ದೊಡ್ಡ ಕೂಟಗಳಿಗಿಂತ ಇದು ಹತ್ತು ಪಾಲು ಜಾಸ್ತಿ ಫಲ ಕೊಡುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಹೆಚ್ಚಾಗಿ ನಡೆಯುವುದು ಗೊತ್ತಿರುವವರಿಂದಲೇ. ‘ನಮ್ಮವರೇ ಅಲ್ವಾ’ ಅಂತ ಎಲ್ಲರನ್ನೂ ಒಟ್ಟಿಗೆ ಮಲಗಿಸುತ್ತಿದ್ದ ಆ ಚಾಪೆಯ ಸಾಲಿನ ಬಗ್ಗೆ ಎಲ್ಲರ ನೆನಪೂ ಸಿಹಿಯಲ್ಲ, ಅದನ್ನು ನಾನು ನನ್ನ ಕೋಣೆಯಲ್ಲಿ ಕೇಳಿದ್ದೇನೆ. ಮಗು ಎಲ್ಲಿ, ಯಾರ ಜೊತೆ ಮಲಗುತ್ತದೆ ಅಂತ ನಾಚಿಕೆ ಬಿಟ್ಟು ಕೇಳಿ. ಯಾರನ್ನಾದರೂ ತಬ್ಬಿಕೋ, ಮುತ್ತು ಕೊಡು ಅಂತ ಒತ್ತಾಯ ಮಾಡಬೇಡಿ. ಯಾವಾಗ ಬೇಕಾದರೂ ಫೋನ್ ಮಾಡಬಹುದು, ಬಂದು ಕರೆದುಕೊಂಡು ಹೋಗುತ್ತೇನೆ ಅಂತ ಮಗಳಿಗೆ ಹೇಳಿ ಕಳಿಸಿ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಯಾವುದಾದರೂ ಕಸಿನ್ ಕಾರಣ ಹೇಳದೆ ಕೂಟಗಳಿಂದ ದೂರವೇ ಉಳಿದರೆ ಗೋಗರೆಯಬೇಡಿ. ಅವರಿಗೆ ಆ ಮನೆಯಲ್ಲಿ ಏನಾಗಿತ್ತೋ ನಿಮಗೆ ಗೊತ್ತಿಲ್ಲ. ದೂರ ಇರುವುದೇ ಕೆಲವರಿಗೆ ಸರಿ.

ದೊಡ್ಡವರ ನೆನಪು ದಾಖಲಿಸುವುದನ್ನು ಮಾತ್ರ ಮುಂದೂಡಬೇಡಿ. ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳು ವಯಸ್ಸಾದವರಲ್ಲಿ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತವೆ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅಂದರೆ ‘ಏನಿದೆ ಹೇಳೋಕೆ’ ಅನ್ನುತ್ತಾರೆ. ಒಂದು ಫೋಟೋ ಕೈಗೆ ಕೊಡಿ, ಇಲ್ಲವೇ ಸ್ಕೂಲಿಗೆ ಹೋಗುವ ದಾರಿ ಕೇಳಿ, ಊರಿಗೆ ಕರೆಂಟ್ ಬಂದ ದಿನ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗದ ಹೊತ್ತು ನೋಡಿಕೊಳ್ಳಿ, ಅರ್ಧ ಗಂಟೆಗೆ ನಿಲ್ಲಿಸಿ. ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ, ಕೇಳದೆ ಗುಂಪಿಗೆ ಹಾಕಬೇಡಿ. ಮರೆವಿನ ಕಾಯಿಲೆ ಇದ್ದವರು ಇಸವಿ ತಪ್ಪಿದರೆ ತಿದ್ದಬೇಡಿ, ಮುಂದಿನದು ಕೇಳಿ.

ಫೋಟೋಗಳನ್ನು ಅಂಟಿನ ಹಾಳೆಯ ಹಳೆ ಆಲ್ಬಂನಿಂದ ಬಿಡಿಸಿಬಿಡಿ, ಆ ಅಂಟು ಕಾಲಕ್ರಮೇಣ ಚಿತ್ರವನ್ನೇ ತಿನ್ನುತ್ತದೆ. ಜೋರಾಗಿ ಕೀಳಬೇಡಿ, ಬಾರದಿದ್ದರೆ ಆಲ್ಬಂ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿ ಹೆಸರು ಬರೆಯಲು ಬಾಲ್‌ಪೆನ್ ಬೇಡ, ಮೆತ್ತನೆ ಪೆನ್ಸಿಲ್ ಸಾಕು. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಹೆಸರು ಬರೆಯುವಾಗ ಮೂಲೆಯಲ್ಲಿ ನಿಂತ ಹೆಂಗಸರದ್ದು, ತೋಟದ ಆಳುಗಳದ್ದು ಮೊದಲು ಬರೆದುಕೊಳ್ಳಿ. ಮರೆತುಹೋಗುವುದು ಅವರ ಹೆಸರೇ. ನಮ್ಮಲ್ಲಿ ಎತ್ತು ಏರಿ ಬಂದು ಮನೆತನದ ಪೀಳಿಗೆಗಳನ್ನು ಹಾಡಿ ಹೇಳುವ ಹೆಳವರಿದ್ದಾರೆ. ನಿಮ್ಮ ಊರಿಗೆ ಅವರು ಬರುತ್ತಾರಾ ಅಂತ ದೊಡ್ಡ ಮಾವನನ್ನು ಕೇಳಿ. ಅವರ ದಾಖಲೆ ಗಂಡು ಸಂತಾನದ ಸುತ್ತಲೇ ಇರುತ್ತದೆ. ಹೆಣ್ಣುಮಕ್ಕಳನ್ನು ನೀವು ಸೇರಿಸಿಕೊಳ್ಳಬೇಕು.

ಗುಡ್ ಮಾರ್ನಿಂಗ್ ಗುಂಪನ್ನು ಬಯ್ಯಬೇಡಿ, ಇರಲಿ. ಅದಕ್ಕೆ ವಾರಕ್ಕೊಂದು ಗುರುತು ಸಿಗದ ಹಳೆ ಫೋಟೋ ಹಾಕಿ ‘ಇದು ಯಾರು?’ ಅಂತ ಕೇಳಿ. ಜಗಳವಾಡಿಕೊಂಡವರೂ ಇದಕ್ಕೆ ಉತ್ತರ ಕೊಡುತ್ತಾರೆ.

ಮೊದಲು ಮಾಡಬೇಕಾದದ್ದು ಎರಡು. ಚಿಕ್ಕತ್ತೆಯನ್ನು ನೋಡಿ ಬನ್ನಿ. ಆಮೇಲೆ ನಿಮಗೆ ಅತಿ ಸಲೀಸಾಗಿ ಮಾತಾಡಲಾಗುವ ಇಬ್ಬರು ಕಸಿನ್‌ಗಳಿಗೆ ಫೋನ್ ಮಾಡಿ ಅವರೆಕಾಯಿಯ ಭಾನುವಾರ ಗೊತ್ತು ಮಾಡಿ. ಅವರಲ್ಲಿ ಒಬ್ಬ ಚಿಕ್ಕಮ್ಮನ ಮಗನೋ ಮಗಳೋ ಆಗಿರಲಿ, ಇನ್ನೊಬ್ಬರು ದೊಡ್ಡ ಮಾವನ ಕಡೆಯವರಾಗಿರಲಿ. ಕಾಯಿ ತರುವುದು ನಿಮ್ಮ ಕೆಲಸ ಅಲ್ಲ, ಅವರಿಗೆ ಬಿಡಿ. ಖರ್ಚಿನ ಲೆಕ್ಕವನ್ನು ಅಂದೇ ಸಂಜೆ ಗುಂಪಿಗೆ ಹಾಕಿ, ಮುಂದಿನ ಸಲ ಯಾರ ಮನೆ ಅನ್ನುವುದನ್ನು ಊಟ ಮುಗಿಯುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎಲ್ಲರೂ ಚಪ್ಪಲಿ ಹಾಕಿಕೊಂಡ ಮೇಲೆ ಆ ಮಾತು ಎತ್ತಿದರೆ ‘ನೋಡೋಣ’ ಅನ್ನುತ್ತಾರೆ.